ಬಗಲಿನ ಗಂಟು ಮತ್ತು ಮುಂಡರಗಿಯ ಗೆಳೆಯ

ಬಚ್ಚಲಲ್ಲಿ ಬಲ ಬಗಲಿಗೆ ಸೋಪು ಹಚ್ಚುತ್ತಿದ್ದೆ. ಕೈಗೆ ಒಂದು ಗಂಟು ಸಿಕ್ಕಿತು. ಕಡಲೆಕಾಳಿಗಿಂತ ದೊಡ್ಡದು, ಅಡಿಕೆಗಿಂತ ಸಣ್ಣದು. ಒತ್ತಿದರೆ ನೋವು. ಒತ್ತದಿದ್ದರೆ ಚಿಂತೆ.

ಇಂಥ ಹೊತ್ತಿನಲ್ಲಿ ತಿಳಿದವರು ಡಾಕ್ಟರ ಹತ್ತಿರ ಹೋಗುತ್ತಾರೆ. ನಾನು ಮೊಬೈಲ್ ಹತ್ತಿರ ಹೋದೆ. ಟವೆಲ್ ಸುತ್ತಿಕೊಂಡೇ ಹುಡುಕಿದೆ. ಮೊದಲ ಸಾಲಿಗೇ ಎಷ್ಟು ಬೆವರಿದೆನೆಂದರೆ, ಇನ್ನೊಂದು ಸಲ ಸ್ನಾನ ಮಾಡಬೇಕಾಯಿತು. (ಬಲ ಬಗಲು ಬಿಟ್ಟು.)

ಹೆಂಡತಿಗೆ ಹೇಳಲಿಲ್ಲ. ಯಾಕೆ ಅಂತ ಕೇಳಬೇಡಿ. ನಮ್ಮ ಬೆಟಗೇರಿ ಗಂಡಸರಿಗೆ ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಓಣಿಗೆಲ್ಲ ಕೇಳುವಂತೆ ಹೇಳಲು ಬರುತ್ತದೆ. ಮೈಯಲ್ಲಿ ಏನಾದರೂ ಆದರೆ ಮಾತ್ರ ಬಾಯಿ ಕಟ್ಟುತ್ತದೆ. ಅದರ ಬದಲು ನಾನು ಒಳ್ಳೆಯವನಾಗತೊಡಗಿದೆ. ಉಪ್ಪಿಲ್ಲದ ಪಲ್ಯ ಸುಮ್ಮನೆ ಉಂಡೆ. ಟಿವಿ ರಿಮೋಟನ್ನು ನಾನಾಗಿಯೇ ಆಕೆಯ ಕೈಗಿಟ್ಟೆ. ಮೂರನೇ ದಿನಕ್ಕೆ ಆಕೆಗೆ ಸಂಶಯ ಬಂತು. ಎಲ್ಲಿ ಏನು ಮಾಡಿ ಬಂದಿದ್ದೀರಿ ಅಂತ ನೇರವಾಗಿಯೇ ಕೇಳಿದಳು.

ಅಷ್ಟರಲ್ಲಿ ಪುಣೆಯಿಂದ ಭಾಗ್ಯಾ ಬಂದಳು. ಭಾಗ್ಯಾ ನನ್ನ ತಮ್ಮನ ಮಗಳು. ತಮ್ಮನ ಸಂಸಾರ ಮೇಲಿನ ಮನೆಯಲ್ಲಿ, ನಮ್ಮದು ಕೆಳಗೆ. ಅವಳು ಪುಣೆಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಯಾವುದರಲ್ಲಿ? ನಾಲ್ಕು ವರ್ಷದಿಂದ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಸೈನ್ಸಿನಲ್ಲಿ. ಲಕ್ಷ್ಮೇಶ್ವರದ ಬೀಗರು ಒಮ್ಮೆ, ಸ್ವಲ್ಪ ಬಿಡಿಸಿ ಹೇಳ್ರಿ ಅಂದಾಗ, ದೊಡ್ಡ ಸೈನ್ಸಿನಲ್ಲಿ ಅಂದಿದ್ದೆ. ಅಂಥ ದೊಡ್ಡಪ್ಪ ನಾನು.

ಆದರೆ ಈ ಸಲ ನನಗೆ ಅವಳಿಂದ ಕೆಲಸವಿತ್ತು. ರಕ್ತ, ಜೀವಕೋಶ ಅಂತೇನೋ ಅವಳು ಫೋನಿನಲ್ಲಿ ಮಾತಾಡಿದ್ದು ನೆನಪಿತ್ತು. ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದಳು. ಕುರ್ಚಿ ಎಳೆದುಕೊಂಡು ಕೂತು, ನೀನು ಅಲ್ಲಿ ನಿಜವಾಗಿ ಏನು ಮಾಡುತ್ತೀ ಅಂತ ಕೇಳಿದೆ. ಅವಳು ಕಪ್ಪು ಕೆಳಗಿಟ್ಟಳು. ಮುಖ ಅರಳಿತು. ನನಗೆ ಆಗಲೇ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಷ್ಟು ಹೆದರಿದ್ದೆ.

ರಕ್ತನಾಳದ ಹಾಗೆಯೇ ಮೈತುಂಬ ಇನ್ನೊಂದು ನಾಳಗಳ ಜಾಲವಿದೆಯಂತೆ. ದುಗ್ಧರಸ ನಾಳ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆತಿದ್ದೇವಲ್ಲ, ಅದೇ. ಚರ್ಮದೊಳಗೆ ರೋಗಾಣು ಹೊಕ್ಕರೆ, ಅಲ್ಲಿ ಕಾವಲಿಗಿರುವ ಕೋಶಗಳು ಅದರ ತುಣುಕು ಹಿಡಿದುಕೊಂಡು ಈ ನಾಳದೊಳಗೆ ಸೇರುತ್ತವೆ. ನಾಳದ ದಾರಿಯಲ್ಲಿ ಗ್ರಂಥಿಗೆ ಹೋಗಿ ವರದಿ ಒಪ್ಪಿಸುತ್ತವೆ. ಅಲ್ಲಿಂದ ಫೌಜು ಹೊರಡುತ್ತದೆ. ಭಾಗ್ಯಾಳ ಪ್ರಶ್ನೆ ಇಷ್ಟೇ. ನಾಳಕ್ಕೆ ಗೋಡೆಯಿದೆ. ಕೋಶ ಆ ಗೋಡೆ ಒಡೆಯುವುದಿಲ್ಲ. ಹಾಗಾದರೆ ಒಳಗೆ ಹೋಗುವುದು ಹೇಗೆ?

"ನಿಮ್ಮ ಅಂಗೀನ ನೋಡ್ರಿ ದೊಡ್ಡಪ್ಪ. ಗುಂಡಿ ಹಾಕೀರಿ, ಖರೆ. ಆದ್ರ ಎರಡ ಗುಂಡಿ ನಡುವ ಒಂದ ಅಂಚಿನ ಮ್ಯಾಲ ಇನ್ನೊಂದ ಅಂಚು ಸುಮ್ನ ಕುಂತಿರತೈತಿ. ಅಲ್ಲೇ ಬೆರಳ ಹೋಗತೈತಿ," ಅಂತ ತೋರಿಸಲು ಕೈ ಚಾಚಿದಳು. ನಾನು ಬಗಲು ಬಿಗಿಹಿಡಿದು ಕುರ್ಚಿ ಸಮೇತ ಹಿಂದೆ ಸರಿದೆ.

ಇಲಿಯ ಕಿವಿಯ ಚರ್ಮದ ಸಣ್ಣ ತುಂಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಅವಳು ಗಂಟೆಗಟ್ಟಲೆ ನೋಡುತ್ತಾಳಂತೆ. ಕೋಶ ಬಂದು ಗೋಡೆ ಸವರುತ್ತದೆ. ಸಂದಿ ಹುಡುಕುತ್ತದೆ. ಮೊದಲು ಒಂದು ತುದಿಯನ್ನು ಒಳಗೆ ಬಿಟ್ಟು, ಮೈಯನ್ನು ಎಳೆಯಷ್ಟು ಸಣ್ಣ ಮಾಡಿಕೊಂಡು ತೂರುತ್ತದೆ. ನಡುವಿನ ಗಟ್ಟಿ ಭಾಗ ಸಿಕ್ಕಿಬಿದ್ದು ಒದ್ದಾಡುತ್ತದೆ. (ಗದಗ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಮುಂಡರಗಿ ಬಸ್ಸು ಹತ್ತುವವರನ್ನು ನೋಡಿದ್ದೀರಲ್ಲ?)

ನಾನು ತಲೆಯಾಡಿಸುತ್ತಿದ್ದೆ. ಮನಸ್ಸು ಮಾತ್ರ ಗ್ರಂಥಿಯ ಹತ್ತಿರವೇ ನಿಂತಿತ್ತು. ಈ ಗ್ರಂಥಿಗಳು ಎಲ್ಲೆಲ್ಲಿ ಇರುತ್ತವೆ ಅಂದೆ. ಕುತ್ತಿಗೆ, ಬಗಲು, ತೊಡೆಸಂದಿ ಅಂದಳು. ಬಗಲು ಅಂದದ್ದೇ ತಡ, ಮುಂಡರಗಿಯಲ್ಲಿ ನನಗೊಬ್ಬ ಗೆಳೆಯ ಹುಟ್ಟಿಕೊಂಡ. ಪಾಪ, ಅವನಿಗೆ ಬಗಲಲ್ಲಿ ಗಂಟು ಬಂದಿದೆ, ಹೆಂಡತಿಗೂ ಹೇಳಿಲ್ಲ, ಏನಿರಬಹುದು ಅಂತ ಕೇಳಿದೆ.

ಯಾವ ಕಡೆ? ಬಲಗಡೆ. ಎಷ್ಟು ದಿನ ಆಯಿತು? ಒಂಬತ್ತು. ಒತ್ತಿದರೆ ನೋವಾಗುತ್ತದೆಯೇ? ಹೌದು, ಬೆಳಗ್ಗೆ ಸ್ವಲ್ಪ ಹೆಚ್ಚು. ಗೆಳೆಯನ ಬಗಲನ್ನು ಇಷ್ಟು ಹತ್ತಿರದಿಂದ ಬಲ್ಲವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು?

ಭಾಗ್ಯಾ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದಳು: "ಆ ಮುಂಡರಗಿ ಗೆಳ್ಯಾರ ಬಲಗೈ ಸ್ವಲ್ಪ ಇತ್ತಾಗ ತೋರಸ್ರಿ."

ಅಂಗೈಯನ್ನು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳ ಬುಡ ಕೆಂಪಗೆ ಊದಿತ್ತು, ನಡುವೆ ಒಂದು ಕಪ್ಪು ಚುಕ್ಕೆ. ಅದು ನನಗೆ ಗೊತ್ತಿತ್ತು. ಅದಕ್ಕೂ ಗಂಟಿಗೂ ಸಂಬಂಧವಿದೆ ಅಂತ ಗೊತ್ತಿರಲಿಲ್ಲ.

ಹದಿನೈದು ದಿನದ ಹಿಂದೆ ಶಿರಹಟ್ಟಿಗೆ, ನನ್ನ ಅಕ್ಕನ ಹೊಲಕ್ಕೆ ಹೋಗಿದ್ದೆ. ಕುಸುಬಿ ಕೀಳುತ್ತಿದ್ದರು. ಕುಸುಬಿ ಅಂದರೆ ಮೈಯೆಲ್ಲ ಮುಳ್ಳು. ಕೈಗೆ ಹಳೇ ಬಟ್ಟೆ ಸುತ್ತಿಕೊಳ್ಳದೆ ಅಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಅಕ್ಕ ನನಗೂ ಒಂದು ಹರಕು ಸೀರೆ ತುಂಡು ಕೊಟ್ಟಳು. ಪೇಟೆಯಲ್ಲಿದ್ದರೇನು, ನಾನೂ ಹೊಲದಲ್ಲಿ ಬೆಳೆದವನೇ ಅಂತ ಜಂಬ ಕೊಚ್ಚಿ, ಅದನ್ನು ತಲೆಗೆ ಸುತ್ತಿಕೊಂಡು ಬರಿಗೈಯಲ್ಲಿ ಅರ್ಧ ಸಾಲು ಕಿತ್ತೆ. ಫೋಟೋ ಬೇರೆ ತೆಗೆಸಿಕೊಂಡೆ. ಆ ಫೋಟೋ ಬಹಳ ಚೆನ್ನಾಗಿ ಬಂದಿದೆ.

ಭಾಗ್ಯಾ ತಾನೇ ಸೂಜಿ ಹಿಡಿಯಲಿಲ್ಲ. ಸೀದಾ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮುಳ್ಳಿನ ತುದಿ ತೆಗೆದರು, ಮಾತ್ರೆ ಬರೆದರು, ಇದು ಕೈಯ ಸೋಂಕಿಗೆ ಊದಿದ ಗ್ರಂಥಿ, ಇಳಿಯದಿದ್ದರೆ ತಡಮಾಡದೆ ಬರ್ರಿ ಅಂದರು. ನನಗೆ ಹೋದ ಜೀವ ಬಂದಂತಾಯಿತು. ವಾಪಸು ಆಟೋದಲ್ಲಿ ಒಂದೇ ಸಮನೆ ಮಾತಾಡಿದೆ. ಭಾಗ್ಯಾ ರಸ್ತೆಯ ಕಡೆಗೇ ನೋಡುತ್ತಿದ್ದಳು. ಏನಾಯಿತು ಅಂತ ಕೇಳಿದೆ.

"ಏನಿಲ್ಲ ದೊಡ್ಡಪ್ಪ. ನಾಕ ವರ್ಷದಾಗ ಮನ್ಯಾಗ ಒಬ್ರರ ಕೇಳಿದ್ರಲ್ಲ ಅಂತ ನನಗ ಭಾಳ ಖುಷಿ ಆಗಿತ್ತು."

ತಪ್ಪಾಯಿತು ಅಂದೆ. ಅವಳು ನಕ್ಕಳು, ಆದರೆ ಪೂರ್ತಿ ನಗಲಿಲ್ಲ. ಆಮೇಲೆ ಅವಳೇ ಒಂದು ಕತೆ ಹೇಳಿದಳು. ಎರಡನೇ ಇಯತ್ತೆ ಓದುತ್ತಿದ್ದಾಗ ಅದೇ ಶಿರಹಟ್ಟಿಯಲ್ಲಿ ಅವಳ ತೊಡೆಸಂದಿಗೆ ಗಂಟು ಬಂದಿತ್ತಂತೆ. ಅಳುತ್ತ ಬಂದವಳನ್ನು ನನ್ನ ಅಕ್ಕ ಕಟ್ಟೆಯ ಮೇಲೆ ಕೂಡಿಸಿದಳಂತೆ. ಗಂಟಿನ ಕಡೆ ನೋಡಲೇ ಇಲ್ಲ. ಅಂಗಾಲು ಎತ್ತಿ ಹುಡುಕಿ ಜಾಲಿಮುಳ್ಳು ತೆಗೆದಳು. ಹೊಲದಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ವಿಷಯ ಅದು. ಯಾರಿಗೂ ಅದರಲ್ಲಿ ಸೋಜಿಗ ಕಾಣಲಿಲ್ಲ. ಈ ಹುಡುಗಿಗೆ ಕಂಡಿತು.

"ಅಂಗಾಲಾಗಿನ ಮುಳ್ಳಿನ ಖಬರ ತೊಡಿಸಂದಿಗೆ ಯಾರ ಮುಟ್ಟಿಸಿದ್ರು? ಅವತ್ತ ನಾ ಮೊದಲ ಕೇಳಿದ್ದು ನಿಮ್ಮನ್ನ. ಹೋಗ, ಆಟಾ ಆಡ ಹೋಗ ಅಂದ್ರಿ."

ನನಗೆ ನೆನಪೇ ಇಲ್ಲ. ಆದರೆ ಅಂದಿರುತ್ತೇನೆ. ಅಂದಿರದಿದ್ದರೇ ಆಶ್ಚರ್ಯ.

ಆ ಸಂಜೆ ನಾನೇ ಎರಡೂ ಮನೆಯವರನ್ನು ಕೂಡಿಸಿ ಅವಳ ಲ್ಯಾಪ್‌ಟಾಪ್ ತೆರೆಸಿದೆ. (ಅದಕ್ಕೆ ಮೊದಲು ಹೆಂಡತಿಗೆ ಗಂಟಿನ ವಿಷಯ ಹೇಳಿ, ಬೈಸಿಕೊಂಡು ಮುಗಿಸಿದ್ದೆ.) ಕಪ್ಪು ಪರದೆಯ ಮೇಲೆ ಕೆಂಪು ನಾಳ. ಅದರ ಪಕ್ಕ ಹಸಿರು ಕೋಶಗಳು. ಒಂದು ಹಸಿರು ಕೋಶ ಗೋಡೆಯ ಸಂದಿಯಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಬಡ್ಡಿ ನೋಡುವಾಗಲೂ ಸದ್ದು ಮಾಡದ ನನ್ನ ತಮ್ಮ ಮುಂದೆ ಬಾಗಿ, ಇನ್ನೊಂದ ಚೂರು, ಇನ್ನೊಂದ ಚೂರು ಅನ್ನತೊಡಗಿದ. ಅದು ಒಳಗೆ ಜಾರಿದ ಕೂಡಲೇ ಮನೆಯೆಲ್ಲ ಉಸಿರು ಬಿಟ್ಟಿತು. ಮಗಳು ಇಷ್ಟು ವರ್ಷ ಇದನ್ನು ನೋಡುತ್ತ ಕೂತಿದ್ದಾಳೆಂದು ಅವನಿಗೂ ಅವತ್ತೇ ತಿಳಿದದ್ದು.

ಆಗ ನನ್ನ ಹೆಂಡತಿ ಕೇಳಿದಳು: "ಇದ ಹೊಕ್ಕ ಸಂದ್ಯಾಗನ ಹಿಂದ ಬರೂವೂ ಹೋಗತಾವೋ, ಇಲ್ಲಾ ತಮ್ಮ ತಮ್ಮ ದಾರಿ ಹುಡುಕ್ಕೋತಾವೋ?"

ಭಾಗ್ಯಾ ವಿಡಿಯೋ ನಿಲ್ಲಿಸಿದಳು. ಎರಡು ವರ್ಷದಿಂದ ತಾನು ಹುಡುಕುತ್ತಿರುವುದು ಅದನ್ನೇ ಅಂದಳು. ದೊಡ್ಡಮ್ಮನ ಪಕ್ಕಕ್ಕೆ ಹೋಗಿ ಕೂತು, ಇದ್ದ ವಿಡಿಯೋಗಳನ್ನೆಲ್ಲ ಒಂದೊಂದಾಗಿ ತೋರಿಸಿದಳು. ಒಲೆಯ ಮೇಲಿನ ಹಾಲು ಉಕ್ಕಿತು. ಯಾರೂ ಏಳಲಿಲ್ಲ.

ವಾರದಲ್ಲಿ ಗಂಟು ಇಳಿಯಿತು. ಭಾಗ್ಯಾ ಪುಣೆಗೆ ಹೋದಳು. ಈಗ ಭಾನುವಾರ ಫೋನ್ ಮಾಡಿದಾಗ ಊಟ ಆಯಿತೇ ಅಂತ ಕೇಳಿ ಇಡುವುದಿಲ್ಲ. ಈ ವಾರ ಕೋಶಗಳು ಯಾವ ಸಂದಿ ಹಿಡಿದವು ಅಂತಲೂ ಕೇಳುತ್ತೇನೆ. ಅರ್ಧ ತಿಳಿಯುತ್ತದೆ. ಅರ್ಧ ತಿಳಿಯುವುದಿಲ್ಲ. ಅವಳು ಬೇಸರಿಸದೆ ಮತ್ತೆ ಹೇಳುತ್ತಾಳೆ.

ನಿಮ್ಮ ಮನೆಯ ಹುಡುಗಿ ದಿನವಿಡೀ ಏನು ಕೆಲಸ ಮಾಡುತ್ತಾಳೆ ಅಂತ ನೀವು ಕೇಳಿದ್ದೀರಾ, ಇಲ್ಲಾ ಬಗಲಲ್ಲಿ ಗಂಟು ಬರಲಿ ಅಂತ ಕಾಯುತ್ತಿದ್ದೀರಾ?