ಕೊಸರಿಲ್ಲದ ಚಮಚೆ

ನನ್ನ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಮಗ್ಗುಲಿಗೆ, ಪಿಂಗಾಣಿಯ ಪುಟ್ಟ ಚಮಚೆಯೊಂದಿದೆ. ಔಷಧಿ ಕುಡಿಸಲೆಂದು ಹುಟ್ಟಿದ್ದು, ನಮ್ಮ ಮನೆಯಲ್ಲಿ ಉಪ್ಪು ಅಳೆಯುತ್ತಲೇ ಮುದಿಯಾಯಿತು. ನೀವು ಎಂದಾದರೂ ಊಟಕ್ಕೆ ಬಂದರೆ, ನಾನು ಅದರಲ್ಲಿ ಉಪ್ಪು ತುಂಬಿ, ಬೆರಳಿನಿಂದ ಸವರಿ ಮಟ್ಟಮಾಡಿ, ಸಾರಿಗೆ ಸುರಿದ ಮೇಲೂ ಕ್ಷಣಹೊತ್ತು ಸುಮ್ಮನೆ ನಿಲ್ಲುವುದನ್ನು ಕಂಡು, ಈ ಮುದುಕಿಗೆ ಉಪ್ಪಿನಲ್ಲೂ ಜಿಪುಣತನವೇ ಎಂದು ಒಳಗೊಳಗೇ ನಗಬಹುದು. ನಗಿರಿ, ಬೇಸರವಿಲ್ಲ. ಆದರೆ ಆ ಕ್ಷಣದ ಕತೆಯನ್ನೂ ಒಂದಿಷ್ಟು ಕೇಳಿಬಿಡಿ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಅಕ್ಕಿಆಲೂರಿನ ಪೇಟೆಯಲ್ಲಿ ಅಪ್ಪನದು ಅಕ್ಕಿಯ ಅಂಗಡಿ. ಸೇರಿನಿಂದ ಅಳೆದು ಗಿರಾಕಿಯ ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ ಅಕ್ಕಿಯನ್ನು ಮೇಲೆ ಹಾಕುವುದು ಅವನ ರೂಢಿ. ಆ ಹೆಚ್ಚಿನ ಹಿಡಿಗೇ ಕೊಸರು ಎನ್ನುವುದು. ಅದಿಲ್ಲದೆ ಅಳೆದುಕೊಟ್ಟರೆ ಕೊಟ್ಟಂತಾಗುವುದಿಲ್ಲ, ಎದುರಿನವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಂತೆ ಎಂದು ಅವನ ಲೆಕ್ಕ. ಅವ್ವನ ಕೈಯೂ ಅಂಥದೇ. ಹಿಟ್ಟಿರಲಿ, ಹಾಲಿರಲಿ, ಅಳತೆ ಮುಗಿದ ಮೇಲೆ ಆ ಕೈ ತಾನಾಗಿ ಇನ್ನೊಮ್ಮೆ ಪಾತ್ರೆಗೆ ಹೋಗಿಬರುತ್ತಿತ್ತು. ಅಳತೆ ನ್ಯಾಯದ್ದು, ಕೊಸರು ಪ್ರೀತಿಯದು ಎಂಬ ತಿಳಿವಳಿಕೆಯಲ್ಲಿ ನಾನು ಬೆಳೆದೆ.

ಅಪ್ಪನ ಕಾಲಿಗೆ ಬಾವು ಬಂತು, ಆಮೇಲೆ ಮುಖಕ್ಕೂ ಏರಿತು. ಹಾನಗಲ್ಲಿನಿಂದ ಡಾಕ್ಟರು ಬಂದು ನೋಡಿ, ತಮ್ಮ ಪೆಟ್ಟಿಗೆಯೊಳಗಿನ ಈ ಚಮಚೆಯನ್ನೇ ಅವ್ವನ ಕೈಗಿತ್ತರು. “ಇದರಾಗ ಮಟ್ಟಾಗಿ ಒಂದು ಚಮಚೆ ಉಪ್ಪು, ಇಡೀ ದಿನಕ್ಕ. ಹೆಚ್ಚಾತಂದ್ರ ಇವರು ಉಳಿಯೂದು ಕಷ್ಟ ಐತಿ, ತಾಯಿ.”

ಅಂದಿನಿಂದ ಅಪ್ಪನ ಸಾರು ಬೇರೆ ಒಲೆಗೆ ಹೋಯಿತು. ಕಣ್ಣಂದಾಜಿನಲ್ಲೇ ಊರಿಗೆ ಊರೇ ಉಣ್ಣುವಷ್ಟು ಅಡುಗೆ ಮಾಡಬಲ್ಲ ಅವ್ವ, ಅಕ್ಷರ ಕಲಿಯುವ ಮಗುವಿನಂತೆ ಉಸಿರು ಬಿಗಿಹಿಡಿದು ಚಮಚೆ ತುಂಬುತ್ತಿದ್ದಳು. ಆದರೂ ಬಾವು ಇಳಿಯಲಿಲ್ಲ. ಮತ್ತೆ ಬಂದ ಡಾಕ್ಟರು ಅಡುಗೆಮನೆಯ ಹೊಸ್ತಿಲಲ್ಲೇ ಕೂತು, ಹೇಗೆ ಅಳೆಯುತ್ತೀರಿ, ತೋರಿಸಿ ಎಂದರು. ಅವ್ವ ತುಂಬಿದಳು, ಸವರಿದಳು, ಸುರಿದಳು. ಮರುಕ್ಷಣವೇ ಅವಳ ಕೈ ಭರಣಿಗೆ ಹೋಗಿ ಚಿಟಿಕೆ ಉಪ್ಪು ತಂದು ಸಾರಿಗೆ ಹಾಕಿತು.

“ಇದೇನ್ರೀ ಅವ್ವಾರ?”

“ಕೊಸರ್ರೀ. ಊರಿಗೆಲ್ಲಾ ಕೊಸರು ಹಾಕಿದವರಿಗೆ ಬರೇ ಅಳತಿ ಹ್ಯಾಂಗ ಹಾಕೂದ್ರೀ?”

ಡಾಕ್ಟರು ನಗಲಿಲ್ಲ. “ಇವರಿಗೊಬ್ಬರಿಗೆ ಬ್ಯಾಡ್ರಿ,” ಎಂದರು.

ಪ್ರೀತಿಸುವವರ ಕೈಗೆ ಅದಕ್ಕಿಂತ ಕಠಿಣವಾದ ಆಜ್ಞೆಯನ್ನು ನಾನು ಈವರೆಗೂ ಕೇಳಿಲ್ಲ. ಕೊಡುವುದನ್ನು ಯಾರಾದರೂ ಕಲಿಸಿಯಾರು. ಮನಸ್ಸು ಕೊಡೆನ್ನುವಾಗ ಕೈಯನ್ನು ಅಲ್ಲಿಗೇ ನಿಲ್ಲಿಸುವುದನ್ನು, ನಿಲ್ಲಿಸಿದ್ದರಲ್ಲೇ ಅಕ್ಕರೆಯಿದೆಯೆಂದು ನಂಬುವುದನ್ನು, ಯಾರು ಕಲಿಸಬೇಕು? ಅವ್ವ ತನಗೆ ತಿಳಿದ ದಾರಿ ಹುಡುಕಿಕೊಂಡಳು. ಒಲೆಯ ಪಕ್ಕ ಮಣ್ಣಿನ ಕುಡಿಕೆಯೊಂದನ್ನಿಟ್ಟು, ದಿನದಿನದ ಚಿಟಿಕೆಯನ್ನು ಸಾರಿಗೆ ಬದಲು ಅದರೊಳಗೆ ಹಾಕತೊಡಗಿದಳು. ಅಪ್ಪ ಒಮ್ಮೆ ಕೇಳಿದ: “ಆ ಕುಡಿಕ್ಯಾಗ ಏನೈತಿ?”

“ನಿಮ್ಮ ಕೊಸರು. ಆರಾಮಾದ ಮ್ಯಾಲೆ ತಿನ್ನೀರಂತ.”

“ಕೂಡಿ ಇಡು ಹಂಗಾರ. ಒಮ್ಮೆಲೆ ಇಸಗೊಳ್ತೇನಿ,” ಎಂದು ನಕ್ಕು, ಸಪ್ಪೆ ಸಾರನ್ನು ಸೊರ್ರೆಂದು ಕುಡಿದ.

ಬಾವು ಇಳಿಯಿತು. ಅಪ್ಪ ಮತ್ತೆ ಅಂಗಡಿಗೆ ಹೋದ, ಮತ್ತೆ ಹಿಡಿ ಹಿಡಿ ಕೊಸರು ಹಾಕಿದ. ಆ ಸುಗ್ಗಿ ನಮಗೆ ಹೆಚ್ಚಿಗೆ ಸಿಕ್ಕಿತು. ಮುಂದಿನ ಮಳೆಗಾಲದಲ್ಲಿ ರೋಗ ತಿರುಗಿ ಬಂದಾಗ ಚಮಚೆಯ ಆಟ ನಡೆಯಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿಯಲ್ಲಿ ಕೂಡಿಸಿ, ವಿಭೂತಿ, ಪತ್ರಿ, ಉಪ್ಪು ಹಾಕಿ ಮಣ್ಣು ಮುಚ್ಚುತ್ತೇವೆ. ಹಿರಿಯರು ಉಪ್ಪಿನ ಚೀಲ ಬಿಚ್ಚುವ ಹೊತ್ತಿಗೆ ಅವ್ವ ಸೆರಗಿನ ಮರೆಯಿಂದ ಆ ಕುಡಿಕೆಯನ್ನು ತೆಗೆದಳು. “ಇದನ್ನ ಮೊದಲ ಹಾಕ್ರಿ. ಇದು ಅವರದು,” ಎಂದಳು. ಹಿರಿಯರು ಕೈ ಚಾಚಿದರೂ ಕೊಡಲಿಲ್ಲ. ತಾನೇ ಕುಣಿಯ ಅಂಚಿಗೆ ಬಾಗಿ, ಕುಡಿಕೆಯನ್ನು ಬೋರಲು ಹಾಕಿ, ತಳಕ್ಕೆ ಅಂಟಿದ್ದನ್ನೂ ಬೆರಳಿನಿಂದ ಕೆರೆದು ಸುರಿದಳು. ಆ ದಿನ ನಾನು ಅತ್ತದ್ದು ಅಪ್ಪನಿಗಿಂತ ಹೆಚ್ಚು ಆ ಬೆರಳಿಗಾಗಿ.

ಈಗ ನನ್ನ ಕಾಲೂ ಬಾತಿದೆ. ಈಗಿನ ಡಾಕ್ಟರು ಹೇಳಿದ್ದೂ ಅದೇ ಮಾತು. ಹಾಗಾಗಿ ಗೂಡಿನ ಚಮಚೆಯನ್ನು ನಾನು ಮತ್ತೆ ಕೈಗೆತ್ತಿಕೊಂಡಿದ್ದೇನೆ, ಮಟ್ಟಮಾಡುತ್ತೇನೆ, ಸುರಿಯುತ್ತೇನೆ. ಅವ್ವನ ಕೈ ನನ್ನೊಳಗಿಂದ ಎದ್ದು ಭರಣಿಗೆ ಹೋಗುತ್ತದೆ. ಆಗಲೇ ನಾನು ಕ್ಷಣಹೊತ್ತು ನಿಲ್ಲುವುದು. ಚಮಚೆಯ ಪಕ್ಕದಲ್ಲಿ ಒಂದು ಮಣ್ಣಿನ ಕುಡಿಕೆಯೂ ಇದೆ, ನೀವು ಗಮನಿಸಲಿಕ್ಕಿಲ್ಲ. ಅದರ ಉಪ್ಪನ್ನು ಅಡುಗೆಗೆ ಬಳಸಬಾರದೆಂದು ಸೊಸೆಗೆ ಹೇಳಿಟ್ಟಿದ್ದೇನೆ.