ಮಂಡಿಯಲ್ಲಿ ತಲೆಯಾಡಿಸಿದ ಸದಸ್ಯರು

ಗಲ್ಲಿಯವರೆಲ್ಲ ಅತ್ತೆ ಎಂದೇ ಕರೆಯುವ ಆ ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಮಾತಾಡಬಲ್ಲವಳು. ಅಂಥವಳಿಗೆ ಬಲಗಿವಿ ನೋಯತೊಡಗಿ, ಕೇಳಿಸುವುದೂ ಮಂದವಾಯಿತು. ಅದೇ ವಾರ ನಗರಸಭೆಯ ಸದಸ್ಯರು ತಮ್ಮ ಹುಟ್ಟುಹಬ್ಬಕ್ಕೆಂದು ಶಾಲೆಯಲ್ಲಿ ಉಚಿತ ಆರೋಗ್ಯ ಶಿಬಿರ ಇಟ್ಟರು. ಖರ್ಚೆಲ್ಲ ಮಂಡಿನೋವಿಗೆ ಕಟ್ಟುವ ಪಟ್ಟಿ ಮಾಡುವ ಕಂಪನಿಯದು.

ಅತ್ತೆಯ ಮುಂದಿದ್ದವನು ಹಲ್ಲುನೋವೆಂದು ಒಳಗೆ ಹೋಗಿ ಮಂಡಿಗೆ ಪಟ್ಟಿ ಬಿಗಿಸಿಕೊಂಡು ಬಂದ. ಅತ್ತೆಯ ಸರದಿ ಬಂತು.

"ಕಿವಿ ನೋವು, ಡಾಕ್ಟ್ರೇ."

ಎಳೆ ವಯಸ್ಸಿನ ಡಾಕ್ಟರು ಒಮ್ಮೆ ಕಂಪನಿಯವನನ್ನು, ಒಮ್ಮೆ ಬಾಗಿಲಲ್ಲಿದ್ದ ಸದಸ್ಯರ ಬಾಮೈದನನ್ನು ನೋಡಿದರು.

"ಮಂಡಿ ಹೇಗಿದೆ, ಅಮ್ಮಾ?"

"ಕಲ್ಲುಗುಂಡಿನ ಹಾಗಿದೆ."

"ಹಾಗೇ ಇರ್ಲಿ ಅಂತಾನೇ ಇದು," ಎಂದು ಕಂಪನಿಯವನು ಬಾಯಿ ಹಾಕಿದ. ನರ್ಸು ಬಟ್ಟೆಯ ಮೇಲೆಯೇ ಎರಡೂ ಮಂಡಿಗೆ ಪಟ್ಟಿ ಬಿಗಿದಳು. ಒಂದೊಂದರ ಮೇಲೂ ಹಲ್ಲು ಕಿರಿದ ಸದಸ್ಯರ ಫೋಟೋ.

ಬಿಟ್ಟಿ ಸಿಕ್ಕಿದ್ದನ್ನು ಬಿಡುವುದೇಕೆ ಎಂದು ಅತ್ತೆ ಅದನ್ನು ಹಾಕಿಕೊಂಡೇ ಹೊಲಿಯಲು ಕೂತಳು. ಮಿಷನ್ ತುಳಿದಂತೆಲ್ಲ ಸದಸ್ಯರಿಬ್ಬರೂ ಹೌದು ಹೌದೆಂದು ತಲೆಯಾಡಿಸಿದರು. ನೋಡಲು ಅಂಗಡಿ ಮುಂದೆ ಜನವೋ ಜನ. ಇದು ತಮ್ಮ ಜನಪ್ರಿಯತೆಯೇ ಎಂದು ಉಬ್ಬಿದ ಸದಸ್ಯರು ಮೈಕು, ಡಾಕ್ಟರು, ಬಾಮೈದ ಸಮೇತ ಬಂದಿಳಿದು, ಸರಿಯಾಗಿ ಅವಳ ಬಲಗಡೆಗೇ ನಿಂತರು.

"ನೋವು ಹೋಯ್ತಾ, ಅಮ್ಮಾ?"

ಅತ್ತೆಗೆ ಕೇಳಿಸಿದ್ದು "ನಾವು ಹೋಗ್ಲಾ?" ಎಂದು.

"ಹೋಗಿ ಹೋಗಿ, ನನಗೂ ಕೆಲ್ಸ ಇದೆ," ಎಂದಳು ಮೈಕಿನಲ್ಲಿ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರು ಮಾತ್ರ ನಗಲಿಲ್ಲ. "ಸಾರ್, ಇವರಿಗೆ ಕಿವಿ ನೋವು. ಅವತ್ತೇ ಹೇಳಿದ್ರು, ನಾನು ನೋಡ್ಲಿಲ್ಲ," ಎಂದವರೇ ಕಿವಿಗೆ ಟಾರ್ಚು ಹಿಡಿದು, ಚಿಮಟದಿಂದ ಮೆಲ್ಲಗೆ ಎಳೆದರು. ಹತ್ತಿಯ ಉಂಡೆಯೊಂದು ಹೊರಬಂತು.

"ಇದ್ಯಾಕಮ್ಮಾ ಕಿವೀಲಿ?"

"ನಮ್ಮನೆಯವರ ಗೊರಕೆ ತಡೀಲಾರದೆ ಇಟ್ಕೊಂಡಿದ್ದೆ. ತೆಗೆಯೋದು ಮರೆತೇ ಹೋಯ್ತು."

ಕೆಂಪಾಗಿದ್ದ ಕಿವಿ ಡಾಕ್ಟರು ಕೊಟ್ಟ ಹನಿಮದ್ದಿಗೆ ವಾಸಿಯಾಯಿತು. ಗಂಡನ ಹಾಸಿಗೆಯನ್ನು ಅತ್ತೆ ಅಂಗಡಿಗೆ ಸಾಗಿಸಿದಳು. ಆ ಡಾಕ್ಟರನ್ನು ಬಾಮೈದ ಮತ್ತೆಂದೂ ಶಿಬಿರಕ್ಕೆ ಕರೆಯಲಿಲ್ಲ. "ಸದ್ಯ, ನಾನು ಬದುಕಿಕೊಂಡೆ, ಅತ್ತೆ," ಎಂದರು ಡಾಕ್ಟರು, ಪ್ಯಾಂಟು ಸಡಿಲ ಮಾಡಿಸಲು ಬಂದಾಗ.