ಅಕ್ಕ ತಿದ್ದಿದ ಒಂದು ಗುರುತು

ಅಕ್ಕನ ಬಲಗೈಯ ಉಂಗುರಬೆರಳು ತುದಿಯ ಗೆಣ್ಣಿನಲ್ಲಿ ಕಿರುಬೆರಳಿನ ಕಡೆಗೆ ಸೊಟ್ಟಗೆ ತಿರುಗಿತ್ತು. ಮೈಸೂರಿನ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡುವಾಗ ಚೆಂಡು ಬಡಿದು ಮುರಿದದ್ದಂತೆ. ಮನೆಯಲ್ಲಿ ಗೊತ್ತಾದರೆ ಆಟ ಬಿಡಿಸುತ್ತಾರೆಂದು ಎರಡು ವಾರ ಕೈಯನ್ನು ದುಪಟ್ಟಾದೊಳಗೆ ಮುಚ್ಚಿಟ್ಟುಕೊಂಡು ಓಡಾಡಿದರು. ಬೆರಳು ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಅರವತ್ತರ ಹತ್ತಿರ ಬಂದರೂ ಪೆನ್ಸಿಲ್ ಹಿಡಿದಾಗ ಆ ಒಂದು ಬೆರಳು ಮಾತ್ರ ಬೇರೆ ಯಾರದೋ ಕೈಯದು ಎನ್ನುವಂತೆ ಹೊರಗೆ ಚಾಚಿಕೊಂಡಿರುತ್ತಿತ್ತು.

ರಾಟರ್‌ಡ್ಯಾಮಿನ ಕನ್ನಡದವರೆಲ್ಲ ಅವರನ್ನು ಸ್ಕೋರರ್ ಅಕ್ಕ ಎನ್ನುತ್ತಿದ್ದರು. ಊರಿನ ಬೇಸ್‌ಬಾಲ್ ತಂಡದ ಅಧಿಕೃತ ಸ್ಕೋರರ್ ಅವರೇ. ತಂಡದ ಅಭಿಮಾನಿಗಳಿಗಾಗಿ ಅಂತರ್ಜಾಲದಲ್ಲಿ ಒಂದು ಪುಟ ನಡೆಸುತ್ತಿದ್ದವರೂ ಅವರೇ. ಭಾನುವಾರ ಪಂದ್ಯದ ವರದಿ, ಬುಧವಾರ ತಂಡದ ಹಳೆಯ ಕಥೆ. ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ಬೇಸಿಗೆಯಲ್ಲಿ, ಮಾತಾಡಲು ಒಬ್ಬರೂ ಇಲ್ಲದೆ ಸುಮ್ಮನೆ ನಡೆಯುತ್ತಿದ್ದಾಗ ಬ್ಯಾಟಿಗೆ ಚೆಂಡು ಬಡಿದ ಸದ್ದು ಕೇಳಿ ಮೈದಾನದ ಬೇಲಿಯ ಬಳಿ ನಿಂತುಬಿಟ್ಟರಂತೆ. ಆಗಿನ ಮುದಿ ಸ್ಕೋರರ್ ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಡಚ್ ಭಾಷೆಯನ್ನು ಅವರು ಕಲಿತದ್ದು ಶಾಲೆಯಲ್ಲಲ್ಲ, ಆ ಕುರ್ಚಿಯಲ್ಲಿ. ಗಂಡ ತೀರಿಕೊಂಡ ಮೇಲೆ ಬಂದರಿನ ಕಚೇರಿಯ ಕೆಲಸ, ಈ ತಂಡ, ಇಷ್ಟೇ ಅವರ ಪ್ರಪಂಚ.

ನಾನು ಅವರ ಮನೆಗೆ ಬಂದದ್ದು ಒಂದು ಜನವರಿಯ ಕೊನೆಯಲ್ಲಿ. ಧಾರವಾಡದಿಂದ ಬಂದು ಓದು ಮುಗಿಸಿದ್ದೆ. ಕೆಲಸ ಹುಡುಕಿಕೊಳ್ಳಲು ಸರ್ಕಾರ ಕೊಡುವ ಒಂದು ವರ್ಷದ ಅನುಮತಿ ಡಿಸೆಂಬರಿಗೆ ಮುಗಿಯುವುದಿತ್ತು. ಇದ್ದ ಕೋಣೆಯನ್ನು ಖಾಲಿ ಮಾಡಬೇಕಾಗಿತ್ತು. ವಿಳಾಸ ನೋಂದಾಯಿಸಲು ಒಪ್ಪುವ ಮನೆ ಸಿಗದಿದ್ದರೆ ಈ ದೇಶದಲ್ಲಿ ಮನುಷ್ಯ ಇದ್ದೂ ಇಲ್ಲದ ಹಾಗೆ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಬೇಡಿಕೊಂಡು ಬರೆದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಒಂದೇ ಪ್ರಶ್ನೆ ಕಣಮ್ಮ. ಶನಿವಾರ, ಭಾನುವಾರ ಮಧ್ಯಾಹ್ನ ನಿಂಗೆ ಏನ್ ಕೆಲ್ಸ?"

"ಏನೂ ಇಲ್ರಿ."

"ಹಂಗಾದ್ರೆ ಬಾ. ನನ್ ಕಣ್ಣು ಹೋಗ್ತಿದೆ."

ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿತ್ತು. ನೋಟದ ನಡುಭಾಗದಲ್ಲಿ ಒಂದು ಕಪ್ಪು ಮಚ್ಚೆ, ಅದರ ಸುತ್ತ ಮಾತ್ರ ಬೆಳಕು. ಪುಟದಲ್ಲಿ ಅಕ್ಷರಗಳು ಓಡಿಹೋಗುತ್ತಿದ್ದವು. ಏಪ್ರಿಲಿನಲ್ಲಿ ಪಂದ್ಯಗಳು ಶುರುವಾದಾಗ ನಾನು ಅವರ ಪಕ್ಕ ಕೂತು ಚೆಂಡು ಎಲ್ಲಿ ಹೋಯಿತು, ಯಾರು ಹಿಡಿದರು ಎಂದು ಹೇಳಬೇಕು. ಅವರು ನಿರ್ಧರಿಸಿ ಹೇಳಿದ್ದನ್ನು ನಾನು ಬರೆಯಬೇಕು. ಅವರ ಕಣ್ಣಿನ ಸಂಗತಿ ಆಡಳಿತ ಮಂಡಳಿಗೆ ತಿಳಿದಿತ್ತು, ಆದರೂ ಬೇರೆ ಯಾರನ್ನೂ ಹುಡುಕಿರಲಿಲ್ಲ. ನನಗೆ ಆ ಆಟದ ತಲೆಬುಡ ಗೊತ್ತಿರಲಿಲ್ಲ. ತಪ್ಪು ಹೇಳಿದರೆ ಅಕ್ಕ ಬೈಯುತ್ತಿರಲಿಲ್ಲ. "ನೀನ್ ನೋಡಿದ್ದು ಹೇಳು, ಅಂದ್ಕೊಂಡಿದ್ದು ಹೇಳ್ಬೇಡ" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲವಾದರೂ ಈ ಮಾತು ಬರುತ್ತಿತ್ತು. ಅಡುಗೆಮನೆಯಲ್ಲಿ ಹಾಲು ಹುಳಿಯಾಗಿದೆ ಎಂದರೂ ಇದೇ ಮಾತು.

ಮೇ ತಿಂಗಳಲ್ಲಿ ತಂಡದ ಆಡಳಿತ ಮಂಡಳಿ ಎಲ್ಲರನ್ನೂ ಸೇರಿಸಿ ಸುದ್ದಿ ಹೇಳಿತು. ಮುಖ್ಯ ಪ್ರಾಯೋಜಕರು ಕೈಬಿಟ್ಟಿದ್ದಾರೆ, ಮೈದಾನದ ಜಾಗದಲ್ಲಿ ಮನೆಗಳು ಏಳಲಿವೆ, ಈ ಋತುವೇ ಕೊನೆ. ಟ್ರ್ಯಾಮಿನಲ್ಲಿ ಮನೆಗೆ ಬರುವಾಗ ಅಕ್ಕ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಮರುದಿನವೂ ಗುರುತು ಇತ್ತು. ಮನೆ ಸೇರಿದ ಮೇಲೆ ಕೋಟು ಕೂಡ ತೆಗೆಯದೆ ಹೇಳಿದರು: "ಮುಚ್ಚೋದ್ರೊಳಗೆ ತಂಡದ ಕಥೆ ಪೂರ್ತಿ ಬರ್ದು ಮುಗಿಸ್ಬೇಕು. ನೀನು ಓದು, ನಾನ್ ಹೇಳ್ತೀನಿ, ನೀನ್ ಟೈಪ್ ಮಾಡು. ನಂಗೆ ಎಷ್ಟು ದಿನ ಇದೆ ಗೊತ್ತಿಲ್ಲ."

ಇಬ್ಬರಿಗೂ ದಿನಗಳು ಸೋರಿಹೋಗುತ್ತಿದ್ದವು. ಬೆಳಿಗ್ಗೆ ನಾನು ಕೆಲಸದ ಅರ್ಜಿ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ವಾರದ ಅರ್ಜಿಗಳ ನಿರಾಕರಣೆ ಬರುತ್ತಿತ್ತು. ಎಲ್ಲದರಲ್ಲೂ ಒಂದೇ ಬಗೆಯ ಸಭ್ಯ ವಾಕ್ಯಗಳು. ಊರಿಗೆ ಫೋನ್ ಮಾಡಿದಾಗ ಅವ್ವ "ಏನಾತು?" ಎಂದು ಕೇಳುವುದನ್ನೇ ಬಿಟ್ಟಿದ್ದಳು. ಸಂಜೆಗೆ ಹಳೆಯ ಸ್ಕೋರ್ ಪುಸ್ತಕಗಳನ್ನು ಹರಡಿಕೊಂಡು ಅಕ್ಕನಿಗೆ ಓದಿ ಹೇಳುತ್ತಿದ್ದೆ. ಗುರುತುಗಳನ್ನು ಕೇಳುತ್ತಿದ್ದಂತೆ ಅವರಿಗೆ ಪಂದ್ಯವೇ ಎದ್ದು ಬರುತ್ತಿತ್ತು: ಅವತ್ತು ಗಾಳಿ ಯಾವ ಕಡೆಯಿಂದ ಬೀಸಿತ್ತು, ಯಾರ ಹೆಂಡತಿ ಮೆಟ್ಟಿಲಲ್ಲಿ ಕೂತು ಅತ್ತಳು, ಎಲ್ಲ.

ಹಾಗೆ ಓದುತ್ತ ಜುಲೈಯಲ್ಲಿ ಒಂದು ಪುಸ್ತಕಕ್ಕೆ ಬಂದೆವು. ಹದಿನೇಳು ವರ್ಷದ ಹಿಂದಿನ ಫೈನಲ್ ಸರಣಿ, ಕೊನೆಯ ಪಂದ್ಯ.

"ಅದು ಬಿಡು. ಮುಂದಿಂದು ಓದು" ಎಂದರು.

ತಂಡ ಕಪ್ ಗೆಲ್ಲುವುದಕ್ಕೆ ಅತಿ ಹತ್ತಿರ ಬಂದ ಪಂದ್ಯ ಅದು ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ನಾನು ಬಿಡದೆ ಓದಿದೆ. ಕೊನೆಯ ಸುತ್ತಿನ ಚೌಕದಲ್ಲಿ ಒತ್ತಿ ಬರೆದ ಗುರುತು: ಇ-ಆರು. ಇ ಎಂದರೆ ಎರರ್. ಆರನೆಯ ಸ್ಥಾನದವನ, ಅಂದರೆ ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಂತು ಚೆಂಡು ತಡೆಯಬೇಕಾದವನ ತಪ್ಪು ಎಂದು ಅರ್ಥ. ಚೆಂಡು ತಡೆಯಲಾಗದಿದ್ದಾಗ ಅದು ಹೊಡೆದವನ ಜಾಣ್ಮೆಯೋ ತಡೆಯುವವನ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರ ಸ್ಕೋರರ್ ಒಬ್ಬರದೇ. ಅಂಪೈರ್ ಕೂಡ ಅದರಲ್ಲಿ ಬಾಯಿ ಹಾಕುವಂತಿಲ್ಲ.

ಅಕ್ಕ ಆ ಪುಟವನ್ನು ಸೊಟ್ಟ ಬೆರಳಿನಿಂದ ತಡವಿ ನೋಡಿದರು. ಆಮೇಲೆ ಹೇಳಿದರು.

"ಅವನು ಕುರಸಾವ್ ದ್ವೀಪದಿಂದ ಬಂದಿದ್ದ. ಹತ್ತೊಂಬತ್ತು ವರ್ಷ ಅಷ್ಟೇ. ನೆಟ್ಟಗೆ ಅವನ ಕಡೆಗೇ ಬಂತು ಚೆಂಡು. ಹುಲ್ಲು ಮುಗಿದು ಮಣ್ಣು ಶುರುವಾಗೋ ಅಂಚಿಗೆ ತಗುಲಿ ಎಗರ್ತು, ಅವನ ಭುಜಕ್ಕೆ ಬಡಿದು ಆಚೆ ಹೋಯ್ತು. ಎರಡು ರನ್ನು. ಕಪ್ ಹೋಯ್ತು. ಯಾರ ಕೈಲೂ ಅದನ್ನ ಹಿಡಿಯೋಕಾಗ್ತಿರ್ಲಿಲ್ಲ. ನಂಗೆ ಕಂಡಿತ್ತು."

"ಮತ್ತ ತಪ್ಪು ಅಂತ ಯಾಕ್ ಬರದ್ರಿ?"

"ಸಿಟ್ಟು. ಯಾರದೋ ತಪ್ಪಾಗ್ಬೇಕಿತ್ತು ನಂಗೆ. ವರದೀಲೂ ಹಂಗೇ ಬರ್ದೆ, ಒಂದು ಕೈಯಿಂದ ಜಾರಿದ ಕಪ್ ಅಂತ ತಲೆಬರಹ. ತೀರ್ಮಾನ ಬದಲಾಯಿಸೋಕೆ ಒಂದು ದಿನ ಟೈಮ್ ಇರುತ್ತೆ. ಇಡೀ ದಿನ ಆ ಪುಸ್ತಕ ಇದೇ ಟೇಬಲ್ ಮೇಲಿತ್ತು. ಜನ ಅವನನ್ನ ಕಂಡಲ್ಲೆಲ್ಲ ಕೂಗಿದ್ರು. ಮುಂದಿನ ವರ್ಷ ಅವನು ಆಡ್ಲೇ ಇಲ್ಲ."

ಆ ಪಂದ್ಯದ ಪುಟವನ್ನು ನಾವು ಅವತ್ತು ಬರೆಯಲಿಲ್ಲ.

ಆಗಸ್ಟ್ ಹೊತ್ತಿಗೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಬಂದರಿನ ಒಂದು ಕಂಪನಿಯವರು ಮೂರು ಸಂದರ್ಶನ ಮಾಡಿ, ಅಂಕಿ-ಅಂಶಗಳ ಕೆಲಸದಲ್ಲಿ ಎರಡು ವರ್ಷದ ಅನುಭವ ಇದ್ದರೆ ತೆಗೆದುಕೊಳ್ಳುತ್ತೇವೆ ಎಂದರು. ಅಕ್ಕನ ಬಳಿ ಬಂದು, ತಂಡದ ಲೆಟರ್‌ಹೆಡ್ಡಿನ ಮೇಲೆ ನಾನು ಎರಡು ವರ್ಷ ಕೆಲಸ ಮಾಡಿದ್ದೇನೆಂದು ಪತ್ರ ಬರೆದುಕೊಡಲು ಕೇಳಿದೆ.

"ಏಳು ತಿಂಗಳು ಅಂತ ಬರ್ಕೊಡ್ತೀನಿ. ಏನೇನ್ ಮಾಡಿದೀಯ ಎಲ್ಲಾ ಬರೀತೀನಿ. ಎರಡು ವರ್ಷ ಅಂತ ಬರಿಯಲ್ಲ ಕಣಮ್ಮ."

ಆಗ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲೇಬೇಕು. "ಏಳು ತಿಂಗಳು ನಿಮ್ಮ ಕಣ್ಣಾಗಿ ಕುಂತೇನ್ರಿ ನಾನು. ಆ ಹುಡುಗನ ಹೆಸರಿನ ಮುಂದ ಸುಳ್ಳು ಬರಿಯೂಮುಂದ ನಿಮ್ಮ ಕೈ ನಡಗಲಿಲ್ಲ. ನನ್ನ ಸಲುವಾಗಿ ಬರಿಯಾಕ ಮಾತ್ರ ಈಗ ನಡಗತೈತೇನ್ರಿ?"

ಅಕ್ಕ ನನ್ನ ಕಡೆಗೆ ಮುಖ ತಿರುಗಿಸಿದರು. ಆದರೆ ಅವರ ಕಣ್ಣು ನನ್ನ ಕಿವಿಯಾಚೆ ಎಲ್ಲೋ ನೆಟ್ಟಿತ್ತು. ಹಾಗೆ ಓರೆಯಾಗಿ ನೋಡಿದರೆ ಮಾತ್ರ ಅವರಿಗೆ ನನ್ನ ಮುಖ ಕಾಣುತ್ತಿತ್ತು. "ಇಲ್ಲ, ಆಗ ನಡುಗ್ಲಿಲ್ಲ" ಎಂದರು. ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ನಾನು ಊಟಕ್ಕೂ ಕರೆಯಲಿಲ್ಲ.

ಬೆಳಿಗ್ಗೆ ಅಡುಗೆಮನೆಗೆ ಬಂದರೆ ಏಳು ತಿಂಗಳ ಪತ್ರ ಮೇಜಿನ ಮೇಲಿತ್ತು. ಸಾಲುಗಳು ಒಂದರ ಮೇಲೊಂದು ಹತ್ತಿದ್ದವು, ಸಹಿ ಕಾಗದ ದಾಟಿ ಮೇಜಿನ ಬಟ್ಟೆಗೂ ಹೋಗಿತ್ತು. ಅಕ್ಕ ಆಗಲೇ ಸೀರೆ ಉಟ್ಟು ಕೂತಿದ್ದರು. "ಆ ಹುಡುಗ ಈಗ ಎಲ್ಲಿದಾನೆ ಹುಡುಕಿ ಕೊಡು. ನಂಗೆ ಮುಖ ಅಂತ ಒಂದು ಸ್ವಲ್ಪನಾದ್ರೂ ಕಾಣೋವಾಗ್ಲೇ ನೋಡ್ಬೇಕು."

ಹುಡುಕುವುದು ಕಷ್ಟವಾಗಲಿಲ್ಲ. ಅವನು ತನ್ನ ದ್ವೀಪಕ್ಕೆ ಮರಳಿರಲೇ ಇಲ್ಲ. ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿದ್ದುಕೊಂಡು ಬಸ್ ಓಡಿಸುತ್ತಿದ್ದ. ಮೊದಲ ಸಂದೇಶಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಬಂತು: ಭಾನುವಾರ ಹತ್ತಕ್ಕೆ ಸ್ಟೇಷನ್ ಹೊರಗೆ, ಹದಿನೈದು ನಿಮಿಷ.

ಬೆಸ್ಟ್‌ನಲ್ಲಿ ರೈಲು ನಿಲ್ಲುವುದು ನೆಲದಡಿಯ ಸುರಂಗದಲ್ಲಿ. ಆ ಮಬ್ಬಿನಲ್ಲಿ ಅಕ್ಕ ಏನೂ ಕಾಣದೆ ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು ಮೇಲೆ ಬಂದರು. ಅವನು ಸಮವಸ್ತ್ರದಲ್ಲೇ ನಿಂತಿದ್ದ. ಮೂವತ್ತಾರರ ಗಂಡಸು, ಕಿವಿಯ ಪಕ್ಕ ಆಗಲೇ ನರೆ. ಕೈ ಕುಲುಕಿದ, ಬೆಂಚಿನಲ್ಲಿ ಕೂರಿಸಿದ. ಅಕ್ಕ ಡಚ್ಚಿನಲ್ಲಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಬಿಟ್ಟು, ನೇರವಾಗಿ ಹೇಳಿದರು: "ಅದು ನಿನ್ನ ತಪ್ಪಾಗಿರಲಿಲ್ಲ. ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬರೆದೆ."

ಅವನು ಬೂಟಿನ ತುದಿ ನೋಡುತ್ತ ಕೂತ. ಆಮೇಲೆ ನಿಧಾನವಾಗಿ ಮಾತಾಡಿದ. ಅವನ ಅಪ್ಪ ಆ ವರದಿಯನ್ನು ಮುದ್ರಿಸಿ ಇಟ್ಟುಕೊಂಡಿದ್ದನಂತೆ. ಹೇಗೆ ಬಿಟ್ಟೆ ಅದನ್ನು ಎಂದು ಪ್ರತಿ ಸಲ ಕೇಳುತ್ತಿದ್ದನಂತೆ. "ಎಗರಿತು ಅಪ್ಪ ಎಂದೆ. ಸ್ಕೋರರ್ ಅಷ್ಟು ಚೆನ್ನಾಗಿ ನೋಡಿ ಬರೆದಿದ್ದಾರೆ, ನೀನು ನೆಪ ಹೇಳುತ್ತೀಯ ಎಂದರು. ಮೂರು ವರ್ಷದ ಹಿಂದೆ ತೀರಿಕೊಂಡರು. ಕೊನೆಯವರೆಗೂ ನನ್ನನ್ನು ನಂಬಲಿಲ್ಲ."

ಅಕ್ಕ ಅವನ ಕಡೆಗೆ ಕೈ ಚಾಚಿದರು.

"ನೀವು ಇಷ್ಟು ದೂರ ಬಂದಿರಿ, ಅದಕ್ಕೆ ಕೂತು ಕೇಳಿದೆ" ಎಂದು ಎದ್ದ. "ಕ್ಷಮಿಸಿದೆ ಎಂದು ಹೇಳಲು ನನ್ನಿಂದ ಆಗುವುದಿಲ್ಲ."

ಅವನ ಬಸ್ ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ಸದ್ದು ಕೇಳುತ್ತ ಕೂತಿದ್ದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡು ಅತ್ತರು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವಂತೆ. ದಾರಿಹೋಕರು ನಿಂತು ನೋಡಿದರು. ಒಬ್ಬ ಹೆಂಗಸು ನೀರಿನ ಬಾಟಲಿ ಕೊಟ್ಟು ಹೋದಳು.

ಮರುದಿನ ಅವರು ಹೇಳಿದರು, ನಾನು ಟೈಪ್ ಮಾಡಿದೆ. ಆಟಗಾರನ ಹೆಸರು, ತಮ್ಮ ಹೆಸರು, ಏನು ನೋಡಿದರು, ಏನು ಬರೆದರು, ಯಾಕೆ. ನೆಪದ ಒಂದು ಮಾತೂ ಇರಲಿಲ್ಲ. ಬುಧವಾರ ಅದನ್ನು ಅಂತರ್ಜಾಲದ ಪುಟಕ್ಕೆ ಹಾಕಿದೆವು. ಜನ ಬಾಯಿಗೆ ಬಂದಂತೆ ಬೈದರು. ಕೊನೆಯ ಋತುವಿನಲ್ಲಿ ಈ ಕೊಳಕು ಯಾಕೆ ಎಂದು ಮಂಡಳಿಯವರು ತೆಗೆದುಹಾಕಲು ಹೇಳಿದರು. ಅಕ್ಕ ಒಪ್ಪದಿದ್ದಾಗ ಸ್ಕೋರರ್ ಜವಾಬ್ದಾರಿಯಿಂದ ಬಿಡಿಸಿದರು. ಹಾಗಾಗಿ ಸೆಪ್ಟೆಂಬರಿನ ಕೊನೆಯ ಪಂದ್ಯದಲ್ಲಿ ನಾವು ಜನರ ನಡುವೆ ಟಿಕೆಟ್ ಕೊಂಡು ಕೂತೆವು. ಒಂದೊಂದು ಚೆಂಡನ್ನೂ ನಾನು ಅವರ ಕಿವಿಯಲ್ಲಿ ಹೇಳಿದೆ. ಹಿಂದಿನ ಸಾಲಿನಿಂದ ಯಾರೋ ಅವರ ಮೇಲೆ ಬಿಯರ್ ಚೆಲ್ಲಿದರು, ಬೇಕೆಂದೇ ಚೆಲ್ಲಿದ್ದು. ಅಕ್ಕ ಮುಖ ಒರೆಸಿಕೊಂಡು, "ಮೂರನೇ ಬೇಸಲ್ಲಿ ಯಾರಿದಾರೆ ಈಗ?" ಎಂದು ಕೇಳಿದರು.

ನವೆಂಬರಿನಲ್ಲಿ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಪೂರ್ತಿ ಕುರುಡಾಗಿದ್ದರು, ಬಾಗಿಲು ಸದ್ದಾದಾಗಲೆಲ್ಲ "ಅವನು ಬಂದ್ನಾ?" ಎಂದು ಕೇಳುತ್ತಿದ್ದರು. ನಾನು ಪ್ರತಿ ಸಲವೂ ಇಲ್ಲ ಎಂದೆ. ಒಂದು ಸಲವಾದರೂ ಹೌದು ಎನ್ನಬಹುದಿತ್ತೇನೋ. ಆದರೆ ಅವರ ಮುಂದೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅಕ್ಕ ತೀರಿಕೊಂಡ ಸುದ್ದಿಯನ್ನು ಅವನಿಗೆ ತಿಳಿಸಿದ್ದೆ. ಅಂತ್ಯಕ್ರಿಯೆಗೆ ನಾವು ಹತ್ತು ಜನ ಕನ್ನಡದವರು, ತಂಡದ ಇಬ್ಬರು ಮುದುಕರು ಸೇರಿದ್ದೆವು. ಎಲ್ಲ ಮುಗಿದು ಹೊರಗೆ ಬಂದರೆ ಅವನು ಗೇಟಿನ ಬಳಿ ನಿಂತಿದ್ದ. ಹತ್ತಿರ ಬಂದು ಕೇಳಿದ್ದು ಒಂದೇ: "ಅವರು ಎಲ್ಲಿ ಕೂರುತ್ತಿದ್ದರು? ತೋರಿಸುತ್ತೀರಾ?"

ಮೈದಾನಕ್ಕೆ ಕರೆದುಕೊಂಡು ಹೋದೆ. ಬೇಲಿಯ ಒಂದು ಭಾಗ ಆಗಲೇ ಕಿತ್ತಿದ್ದರು. ಸ್ಕೋರರ್ ಕೂರುವ ಗೂಡಿನ ಬಾಗಿಲಿಗೆ ಬೀಗವಿರಲಿಲ್ಲ. ಅವನು ಅಕ್ಕನ ಕುರ್ಚಿಯಲ್ಲಿ ಕೂತು, ಎರಡನೆಯ ಮತ್ತು ಮೂರನೆಯ ಬೇಸಿನ ನಡುವಿನ, ತಾನು ಅಂದು ನಿಂತಿದ್ದ ಜಾಗವನ್ನು ಬಹಳ ಹೊತ್ತು ನೋಡಿದ. ಹುಲ್ಲು ಮುಗಿದು ಮಣ್ಣು ಶುರುವಾಗುವ ಗೆರೆ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

"ಕಾಣುತ್ತದೆ" ಎಂದ.

"ಕಂಡಿತ್ತು ಎಂದೇ ಅವರು ಹೇಳಿದರು."

"ಹೌದು." ಅವನು ತಲೆಯಾಡಿಸಿದ. "ದೂರವಿತ್ತು, ಸರಿಯಾಗಿ ಕಾಣಲಿಲ್ಲ ಎಂದು ಅವರು ನನಗೆ ಹೇಳಬಹುದಿತ್ತು. ನಾನು ನಂಬುತ್ತಿದ್ದೆ." ಎದ್ದು ಕುರ್ಚಿಯನ್ನು ಮೇಜಿಗೆ ಸರಿಸಿಟ್ಟು ಮೆಟ್ಟಿಲಿಳಿದು ಹೋದ.

ಡಿಸೆಂಬರಿನಲ್ಲಿ ನನ್ನ ಅನುಮತಿ ಮುಗಿಯಿತು. ಏಳು ತಿಂಗಳ ಪತ್ರವನ್ನು ಯಾರೂ ಒಪ್ಪಲಿಲ್ಲ, ಧಾರವಾಡಕ್ಕೆ ಮರಳಿದೆ. ಅದರ ಬಗ್ಗೆ ಈಗ ದುಃಖವಿಲ್ಲ. ಆಗಸ್ಟಿನ ಆ ಸಂಜೆ ಆಡಿದ ಮಾತಿಗೆ ಅಕ್ಕನ ಕ್ಷಮೆ ಕೇಳದೇ ಹೋದೆನಲ್ಲ ಎಂಬುದು ಮಾತ್ರ ಕೊರೆಯುತ್ತದೆ. ಬೆಸ್ಟ್‌ನಿಂದ ಬರುವ ರೈಲಿನಲ್ಲಿ ಕೇಳಬಹುದಿತ್ತು. ಆಸ್ಪತ್ರೆಯ ಒಂಬತ್ತು ದಿನವೂ ಅವರ ಕೈ ನನ್ನ ಕೈಯಲ್ಲೇ ಇತ್ತು.